ಕಲೆ ನೋಡುವ ಮೇಜು

ಮಾರ್ಚ್ ೪, ಮಂಗಳವಾರ

ನಾನು ಈ ಲಾಂಡ್ರಿಯ ಯಜಮಾನಿ. ಹೈಸ್ಕೂಲು ಪಾಸಾದವಳು, ಅದೂ ಮೊದಲ ದರ್ಜೆಯಲ್ಲಿ. ಗಂಡ ಹೋದ ಮೇಲೆ ಮೂವತ್ತೊಂದು ವರ್ಷ ಹನ್ನೊಂದು ಜನರಿಗೆ ಕೆಲಸ ಕೊಟ್ಟು, ಯಾರ ಮುಂದೆಯೂ ತಲೆ ಬಗ್ಗಿಸದೆ ಬದುಕಿದವಳು. ಕೆಳಗೆ ಅಂಗಡಿ, ಮೇಲೆ ಮನೆ. ಎರಡೂ ನನ್ನ ಹೆಸರಿನಲ್ಲಿವೆ. ಈ ರಸ್ತೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಎಲ್ಲರಿಗೂ ನಾನು ದೊಡ್ಡಮ್ಮ. ನನಗೆ ಗೊತ್ತಿರುವುದನ್ನು ನನಗೇ ಯಾಕೆ ಬರೆದುಕೊಳ್ಳುತ್ತಿದ್ದೇನೆಂದರೆ, ಇವತ್ತು ಮಧ್ಯಾಹ್ನ ಒಬ್ಬಳು ಬಂದು ನನ್ನ ಅಡುಗೆಮನೆಯಲ್ಲಿ ನಿಂತು, “ನೀವು ಈ ಮನೆಗೆ ಏನಾಗಬೇಕು?” ಎಂದು ಕೇಳಿದಳು.

“ಈ ಮನೆ ನನಗೆ ಏನಾಗಬೇಕು ಅಂತ ಕೇಳಿ” ಎಂದೆ.

ಅವಳು ನಗಲಿಲ್ಲ. ಬರೆದುಕೊಂಡಳು.

ಮಕ್ಕಳ ಕಲ್ಯಾಣ ಕಚೇರಿಯವಳಂತೆ. ಇನ್ನು ಪ್ರತಿ ಮಂಗಳವಾರ ಬರುತ್ತಾಳಂತೆ. ಬಗಲಲ್ಲಿ ಒಂದು ಫೈಲು. ಅದಕ್ಕೇ ಇವಳಿಗೆ ಫೈಲಿನಾಕೆ ಎಂದು ಹೆಸರಿಟ್ಟಿದ್ದೇನೆ. ಕರೆಸಿದವಳು ನನ್ನ ಸೊಸೆ. ಐದು ತಿಂಗಳ ಹಿಂದೆ ಎರಡನೆಯ ಹೆರಿಗೆಯಾಯಿತು, ಗಂಡು. ಅಂದಿನಿಂದ ಗೋಡೆ ಕಡೆ ಮುಖ ಮಾಡಿ ಮಲಗುವುದು, ಕಾರಣವಿಲ್ಲದೆ ಅಳುವುದು. ಆಸ್ಪತ್ರೆಯ ನರ್ಸ್ “ಸಹಾಯ ಬೇಕಾ?” ಎಂದು ಕೇಳಿದಳಂತೆ, ಇವಳು ಬೇಕು ಎಂದಳಂತೆ, ಒಂದು ಕಾಗದಕ್ಕೆ ಸಹಿ ಹಾಕಿದಳಂತೆ. ನಾನು ಹೆತ್ತ ಹತ್ತನೇ ದಿನಕ್ಕೆ ಇಸ್ತ್ರಿ ಮೇಜಿನ ಮುಂದೆ ನಿಂತವಳು. ನನ್ನನ್ನು ಯಾವ ನರ್ಸೂ ಕೇಳಿರಲಿಲ್ಲ.

ಫೈಲಿನಾಕೆ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುತ್ತಾಳೆ. ಅದೇ ಬೆರಳಿನಿಂದ ಕೂಸಿನ ಗಲ್ಲ ಮುಟ್ಟಿದಳು. ಅವಳು ಹೋದ ಮೇಲೆ ಕೂಸಿನ ಮುಖವನ್ನು ಎರಡು ಸಲ ಒರೆಸಿದೆ.

ಮಾರ್ಚ್ ೧೧, ಮಂಗಳವಾರ

ಫೈಲಿನಾಕೆ ಫ್ರಿಜ್ ತೆಗೆದು ನೋಡಿದಳು. ಕೂಸಿನ ಹಾಲಿನ ಬಾಟಲಿಯನ್ನು ಎತ್ತಿ ಮೂಸಿದಳು. ಪರರ ಮನೆಯ ಬಾಟಲಿಗೆ ಮೂಗು ಹಾಕುವುದೆಂದರೆ ಎಂಥ ಹೇಸಿಗೆ. ಬೆಳಗಿನ ಬಾಟಲಿ, ತೊಳೆದಿರಲಿಲ್ಲ, ನಿಜ. ತೊಳೆಯಬೇಕಾದವಳು ಮಲಗಿದ್ದಳು. “ಶುಚಿತ್ವದ ಕೊರತೆ” ಎಂದು ಬರೆದಳು. ಲಾಂಡ್ರಿ ನಡೆಸುವ ಮನೆಯ ಮೇಲೆ ಆ ಮಾತು.

ಮತ್ತೆ ಮೊಮ್ಮಗಳ ಶಾಲೆಯ ವಿಷಯ ಎತ್ತಿದಳು. ಕಳೆದ ತಿಂಗಳು ನಾಲ್ಕು ದಿನ ಹೋಗಿಲ್ಲವಂತೆ. ಕೆಮ್ಮಿತ್ತು ಎಂದೆ. “ಚೀಟಿ ಕಳಿಸಿದ್ರಾ?” ಎಂದಳು. ಕೆಮ್ಮಿಗೂ ಚೀಟಿ. ಅದೂ ಫೈಲಿಗೆ ಹೋಯಿತು. ಎರಡು ವಾರದಲ್ಲಿ ಎರಡು ದೂರು.

ಹೋಗುವಾಗ ಸೊಸೆಯ ಪಕ್ಕ ಹತ್ತು ನಿಮಿಷ ಕುಳಿತು ಏನೋ ಮಾತಾಡಿದಳು. ಸೊಸೆ ಎದ್ದು ಸ್ನಾನ ಮಾಡಿ ತಲೆ ಬಾಚಿಕೊಂಡಳು. ನಾನು ಐದು ತಿಂಗಳಿಂದ ಅದನ್ನೇ ಹೇಳುತ್ತಿದ್ದೆ.

ಮಗನಿಗೆ ಹೇಳಿದರೆ, “ಬರ್ಲಿ ಬಿಡಮ್ಮ, ಒಳ್ಳೇದಕ್ಕೇ ತಾನೇ” ಎನ್ನುತ್ತಾನೆ. ಡೆಲಿವರಿ ವ್ಯಾನು ಓಡಿಸುವವನು. ಮೂವತ್ತನಾಲ್ಕು ವರ್ಷವಾದರೂ ಸುಕ್ಕು ಅಂಗಿ ತೊಟ್ಟುಕೊಂಡು ಗಿರಾಕಿಗಳ ಮನೆಗೆ ಹೋಗುತ್ತಾನೆ. ಲಾಂಡ್ರಿಯವಳ ಮಗ, ಒಂದು ದಿನ ತನ್ನ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡವನಲ್ಲ. ಸೋಮಾರಿತನಕ್ಕೂ ಒಂದು ಮಿತಿ ಇರಬೇಕು.

ಮಾರ್ಚ್ ೧೫, ಶನಿವಾರ

ಮೊಮ್ಮಗಳಿಗೆ ಇವತ್ತು ಏಳು ತುಂಬಿತು. ಇವಳನ್ನು ಬಟಾಣಿ ಎನ್ನುತ್ತೇವೆ. ಹುಟ್ಟಿದಾಗ ಅಷ್ಟೇ ಇದ್ದಳು. ಹೊಸ ಫ್ರಾಕು ಕೊಟ್ಟೆ. ಮಧ್ಯಾಹ್ನ ಅಂಗಡಿಗೆ ಕರೆದುಕೊಂಡು ಹೋಗಿ ಬಿಸಿ ಕಲಿಸಿದೆ.

ಇದು ನಮ್ಮ ಮನೆಯ ಕ್ರಮ. ಇಸ್ತ್ರಿ ಪೆಟ್ಟಿಗೆಯ ನಡುವೆ ಬೆಳೆಯುವ ಮಕ್ಕಳಿಗೆ ಬೆಂಕಿಯ ಭಯ ಬಾಯಿಮಾತಿನಿಂದ ಬರುವುದಿಲ್ಲ. ಏಳು ತುಂಬಿದ ದಿನ ಎಡಗೈ ಹೆಬ್ಬೆರಳ ಬುಡವನ್ನು ಪೆಟ್ಟಿಗೆಯ ಅಂಚಿಗೆ ಒಂದು ಸಲ ತಾಗಿಸುವುದು, ಒಂದು ಎಣಿಸುವಷ್ಟು ಹೊತ್ತು. ಆಮೇಲೆ ಜನ್ಮದಲ್ಲಿ ಮರೆಯುವುದಿಲ್ಲ. ನನ್ನ ಅತ್ತೆ ನನಗೆ ಮಾಡಿದರು. ಆಗ ನಾನು ಹದಿನೇಳರ ಸೊಸೆ, ಏಳರ ಮಗುವಲ್ಲ. ಆದರೂ ತಪ್ಪು ಎಂದು ನನಗೆ ಅನ್ನಿಸಲಿಲ್ಲ. ನನ್ನ ಮಗನಿಗೆ ನಾನು ಮಾಡಿದೆ. ಈ ಮನೆಯಲ್ಲಿ ಆಮೇಲೆ ಯಾರೂ ಸುಟ್ಟುಕೊಂಡಿಲ್ಲ.

ಬಟಾಣಿ ಕೈ ಎಳೆದುಕೊಂಡಳು. ಅದಕ್ಕೇ ಒಂದರ ಬದಲು ಎರಡು ಎಣಿಸುವಷ್ಟಾಯಿತು, ಅಂಚು ಸ್ವಲ್ಪ ಜಾರಿತು. ಅಳಲಿಲ್ಲ. ಗಟ್ಟಿ ಹುಡುಗಿ. ಎಣ್ಣೆ ಹಚ್ಚಿ ಮಿಠಾಯಿ ಕೊಟ್ಟೆ.

ಮಿಠಾಯಿ ಹಾಗೆಯೇ ಕೌಂಟರಿನ ಮೇಲಿತ್ತು, ಸಂಜೆ ನೋಡಿದೆ.

ಮಾರ್ಚ್ ೧೮, ಮಂಗಳವಾರ

ಫೈಲಿನಾಕೆ ಕಂಡುಹಿಡಿದಳು. ಬಟಾಣಿ ಶಾಲೆಯಿಂದ ಬಂದು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ನಿಂತಿದ್ದಳು. ಇವಳು ಮೊಣಕಾಲೂರಿ ಕುಳಿತು, “ಏನು ಮುಚ್ಚಿಟ್ಕೊಂಡಿದ್ದೀಯ, ಚಾಕಲೇಟಾ?” ಎಂದು ನಗಿಸಿ ಕೈ ತೆಗೆಸಿದಳು. ಗುಳ್ಳೆ ಒಡೆದು ಹಸಿಯಾಗಿತ್ತು. ಸ್ವಲ್ಪ ಕೀವು.

“ಇದು ಹೇಗಾಯ್ತು ಪುಟ್ಟಿ?”

“ಬಿಸಿ ಕಲಿತೆ.”

“ಯಾರು ಕಲಿಸಿದ್ದು?”

ಬಟಾಣಿ ನನ್ನ ಮುಖ ನೋಡಲಿಲ್ಲ. ನೆಲ ನೋಡಿದಳು. ನನ್ನ ಮನೆಯ ಕ್ರಮವನ್ನು ಎಂಜಲು ಬೆರಳಿನವಳಿಗೆ ವಿವರಿಸುವ ಗತಿ ನನಗೆ ಬಂದಿಲ್ಲ. ಅಷ್ಟರಲ್ಲಿ ಸೊಸೆ ಕೂಸನ್ನು ಎತ್ತಿಕೊಂಡು ಒಳಗಿಂದ ಬಂದು, “ನನ್ನ ಕೈಯಿಂದಾಯ್ತು ಮೇಡಂ. ಇಸ್ತ್ರಿ ಹಾಕ್ತಿದ್ದೆ, ತಗುಲಿಸಿಬಿಟ್ಟೆ” ಎಂದಳು.

ಫೈಲಿನಾಕೆ ಬಹಳ ಹೊತ್ತು ಸೊಸೆಯ ಮುಖವನ್ನೇ ನೋಡಿ, ಆಮೇಲೆ ಬರೆದಳು. ಮೂರನೆಯ ದೂರು.

ಸುಳ್ಳು ಹೇಳುವ ಹೆಂಗಸನ್ನು ಕಂಡರೆ ನನಗೆ ಆಗುವುದಿಲ್ಲ. ನನ್ನ ಮನೆಯಲ್ಲಿ, ನನ್ನೆದುರಿಗೇ, ಅಷ್ಟು ಸಲೀಸಾಗಿ.

ಮಾರ್ಚ್ ೨೦, ಗುರುವಾರ

ಬಟಾಣಿ ಈಗ ಅಂಗಡಿಯ ಒಳಗಿನ ಮೆಟ್ಟಿಲು ಬಳಸುತ್ತಿಲ್ಲ. ಆ ಮೆಟ್ಟಿಲು ಇಸ್ತ್ರಿ ಮೇಜುಗಳ ಪಕ್ಕ ಹಾಯುತ್ತದೆ. ಇವಳು ರಸ್ತೆಗೆ ಹೋಗಿ, ಸುತ್ತು ಹಾಕಿ, ಹಿಂದಿನ ಕಬ್ಬಿಣದ ಏಣಿಮೆಟ್ಟಿಲು ಹತ್ತಿ ಮನೆಗೆ ಬರುತ್ತಾಳೆ. ಭಯ ಕಲಿತಳು, ಒಳ್ಳೆಯದೇ.

ಏಣಿಮೆಟ್ಟಿಲು ತುಕ್ಕು ಹಿಡಿದಿದೆ. ಬಿದ್ದರೆ ಯಾರು ಹೊಣೆ? ಶಾಲೆ ಬಿಡುವ ಹೊತ್ತಿಗೆ ಇಸ್ತ್ರಿಯವರಿಗೆಲ್ಲ ಹದಿನೈದು ನಿಮಿಷ ಪೆಟ್ಟಿಗೆ ಆರಿಸಿ ಚಹಾ ಕುಡಿಯಿರಿ ಎಂದು ಹೇಳಿದ್ದೇನೆ. ವಿದ್ಯುತ್ತೂ ಉಳಿಯುತ್ತದೆ.

ಆದರೂ ಅವಳು ಹೊರಗಿಂದಲೇ ಹತ್ತಿದಳು.

ಮಾರ್ಚ್ ೨೫, ಮಂಗಳವಾರ

ಇವತ್ತು ಬಿಡಲಿಲ್ಲ. ಕೌಂಟರಿನ ಹತ್ತಿರವೇ ನಿಲ್ಲಿಸಿ ಕೇಳಿದೆ.

“ನೀವು ಬರೋ ಮುಂಚೆ ಈ ಮನೆ ಮೇಲೆ ಒಂದು ದೂರು ಇತ್ತಾ?”

“ಇರಲಿಲ್ಲ ಅಮ್ಮ.”

“ಬಂದು ಮೂರು ವಾರಕ್ಕೆ ಮೂರು ದೂರು. ಅಂದ್ರೆ ಮನೆ ಕೆಟ್ಟಿದ್ದಾ, ನೀವು ಬಂದಿದ್ದಾ?”

“ನಾವು ಬಂದಿದ್ದಕ್ಕೆ ಕಂಡಿತು.”

“ಎಡಗಡೆ ಗೋಡೆ ಆಚೆ ಹಲ್ಲಿನ ಡಾಕ್ಟರ ಮನೆ ಇದೆ. ಅಲ್ಲಿಗೆ ಹೋಗಿದ್ದೀರಾ? ಮಹಡಿ ಮೇಲೆ ಏನು ನಡೆಯುತ್ತೆ ಅಂತ ಗೊತ್ತಾ?”

“ಅವರು ನಮ್ಮನ್ನು ಕರೆದಿಲ್ಲ. ಯಾರೂ ಹೇಳಿಯೂ ಇಲ್ಲ.”

“ಸರಿ ಹಾಗಾದ್ರೆ. ಕರೆದವರ ಮನೇಲಿ ಕೊಳೆ ಹುಡುಕೋದು, ಬಾಗಿಲು ಹಾಕ್ಕೊಂಡೋರು ದೇವತೆಗಳು. ನನ್ನ ಸೊಸೆ ಕಷ್ಟ ಅಂತ ಬಾಯಿಬಿಟ್ಟಳು, ಅದಕ್ಕೆ ನೀವು ಕೊಟ್ಟ ಬಹುಮಾನ ಈ ಫೈಲು. ನಾಳೆ ಯಾವ ತಾಯಿ ನಿಮ್ಮನ್ನ ಕರೀತಾಳೆ ಹೇಳಿ.”

ಇವಳ ಬಾಯಿ ಕಟ್ಟಿತು ಎಂದುಕೊಂಡೆ. ಆಗ ನೋಡಿದೆ, ಇವಳ ತೋಳಿನ ಅಂಚು ನೂಲು ಬಿಟ್ಟಿದೆ, ಕಣ್ಣ ಕೆಳಗೆ ಕಪ್ಪಾಗಿದೆ.

“ನೀವು ಹೇಳಿದ್ದು ನಿಜ ಅಮ್ಮ” ಎಂದಳು. “ನಾವು ಹೋದ ಕಡೆ ಜಾಸ್ತಿ ಕಾಣುತ್ತೆ. ಹೋಗದ ಕಡೆ ಏನೂ ಇಲ್ಲ ಅಂತ ಕಾಗದ ಹೇಳುತ್ತೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಆ ಕೈ ಮೇಲಿನ ಗಾಯ ನಾನು ಬಂದಿದ್ದಕ್ಕೆ ಆಗಿದ್ದಲ್ಲ, ಅಲ್ವಾ?”

ಎಲ್ಲ ಮಾತಿಗೂ ಉತ್ತರ ಕೊಡಲು ನಾನು ಯಾರ ಮನೆಯ ಆಳೂ ಅಲ್ಲ.

ಮಾರ್ಚ್ ೨೬, ಬುಧವಾರ

ಪಟ್ಟಿಯಮ್ಮನಿಗೆ ಹೇಳಿದೆ. ನಮ್ಮ ಕೌಂಟರಿನಲ್ಲಿ ಕುಳಿತು ಬಟ್ಟೆಯ ಪಟ್ಟಿ ಬರೆಯುವವಳು, ನನಗಿಂತ ಮೂರು ವರ್ಷ ಚಿಕ್ಕವಳು, ಇಪ್ಪತ್ತೆಂಟು ವರ್ಷದಿಂದ ಇಲ್ಲೇ ಇದ್ದಾಳೆ. ನನ್ನೆದುರು ನಾಲಗೆ ಬಿಗಿ ಹಿಡಿಯದೆ ಮಾತಾಡುವ ಒಂದೇ ಜೀವ.

“ಹೇಗೆ ಕೇಳಿದೆ ನೋಡು” ಎಂದೆ. “ನೀವು ಬಂದ ಮೇಲೇ ದೂರು ಬಂತು ಅಂದೆ.”

“ಚೆನ್ನಾಗಿ ಕೇಳಿದ್ರಿ ಅಕ್ಕ. ನಮ್ಮ ಲ್ಯಾಂಪಿನ ಕಥೇನೇ ಆಯ್ತು.”

ಆ ಕಥೆಯನ್ನು ನಾನು ಮರೆತಿದ್ದೆ. ಮರೆತಿದ್ದೆ ಎಂದರೆ, ನೆನಪಿಸಿಕೊಳ್ಳುತ್ತಿರಲಿಲ್ಲ. ಒಗೆದ ಬಟ್ಟೆಯನ್ನು ಇಸ್ತ್ರಿಗೆ ಕಳಿಸುವ ಮೊದಲು ಕಲೆ ನೋಡುವ ಮೇಜೊಂದಿದೆ. ಬಿಳಿ ಹಲಗೆ, ಮೇಲೆ ದೀಪ. ಹನ್ನೆರಡು ವರ್ಷದ ಹಿಂದೆ ಅಲ್ಲಿಗೆ ಇನ್ನೊಂದು ದೀಪ ಹಾಕಿಸಿದೆ, ಪ್ರಖರವಾದದ್ದು. ಅದುವರೆಗೆ ವಾರಕ್ಕೆ ಹತ್ತು ಬಟ್ಟೆಯಲ್ಲಿ ಕಲೆ ಸಿಗುತ್ತಿತ್ತು. ದೀಪ ಬಂದ ತಿಂಗಳು ವಾರಕ್ಕೆ ನಲವತ್ತು. ನಾನು ಒಗೆಯುವವನನ್ನು ಹಿಡಿದೆ. ಹದಿನಾಲ್ಕು ವರ್ಷ ನಮ್ಮಲ್ಲಿ ದುಡಿದವನು. ಎಲ್ಲರ ಎದುರಿಗೆ, “ಕೈ ಕೊಳಕಾದವನಿಗೆ ಲಾಂಡ್ರೀಲಿ ಏನು ಕೆಲಸ?” ಎಂದು ಕಳಿಸಿಬಿಟ್ಟೆ. ಹೊಸಬ ಬಂದ. ಕಲೆ ನಲವತ್ತೇ ಸಿಗುತ್ತಿದ್ದವು.

“ಆಮೇಲಾದ್ರೂ ಅವನನ್ನ ಕರೆಸಬಹುದಿತ್ತು” ಎಂದಳು ಪಟ್ಟಿಯಮ್ಮ. “ನಾನು ಹೇಳಿದ್ದೆ. ನೀವು ಉಗುಳಿದ್ದನ್ನ ನೆಕ್ಕಲ್ಲ ಅಂದ್ರಿ.”

“ಅಂದ್ರೆ ನಾನು ಹೇಳಿದ್ದೇ ಸರಿ ಆಯ್ತಲ್ಲ. ದೀಪ ಬಂದ್ರೆ ಕಲೆ ಜಾಸ್ತಿ ಕಾಣುತ್ತೆ. ತಪ್ಪು ಒಗೆಯೋನದ್ದಲ್ಲ. ಫೈಲಿನಾಕೆ ದೀಪ, ನಾವು ಒಗೆಯೋನು.”

“ಸರಿ ಅಕ್ಕ. ಆದ್ರೆ ಕಲೆ ಇದ್ದದ್ದೂ ಹೌದಲ್ಲ. ದೀಪ ಏನು ಕಲೆ ಹಾಕ್ತದಾ?”

ಇಪ್ಪತ್ತೆಂಟು ವರ್ಷ ಇಟ್ಟುಕೊಂಡಿದ್ದಕ್ಕೆ ಈ ಮಾತು. ಪಟ್ಟಿ ಬರೆ ಎಂದು ಹೇಳಿ ಎದ್ದು ಬಂದೆ.

ಮಾರ್ಚ್ ೨೯, ಶನಿವಾರ

ಹಲ್ಲಿನ ಡಾಕ್ಟರ ಮನೆಯ ಗಂಟು ಬಂತು. ಕಲೆ ನೋಡುವ ಮೇಜಿಗೆ ಇವತ್ತು ನಾನೇ ಕುಳಿತೆ. ಆ ಕೆಲಸದವಳಿಗೆ ಜ್ವರ. ಡಾಕ್ಟರ ಬಿಳಿ ಕೋಟುಗಳು ನಾಲ್ಕು, ಹಾಸಿಗೆ ಬಟ್ಟೆ, ಮಗಳ ಶಾಲೆಯ ಬಿಳಿ ಅಂಗಿಗಳು ಐದು. ಅವಳಿಗೆ ಒಂಬತ್ತು. ಮಾತಾಡಿಸಿದರೆ ಅಪ್ಪನ ಮುಖ ನೋಡಿ ಉತ್ತರ ಕೊಡುವ ಹುಡುಗಿ.

ಕೆಲವು ಗಂಟುಗಳನ್ನು ಒಗೆಯುವ ಮೊದಲೂ ಒಂದು ಸಲ ದೀಪದ ಕೆಳಗೆ ಹಿಡಿಯುತ್ತೇವೆ, ಯಾವ ಕಲೆಗೆ ಯಾವ ನೀರು ಎಂದು ಗೊತ್ತಾಗಬೇಕಲ್ಲ. ಮೂರನೆಯ ಅಂಗಿಯನ್ನು ಒಳಮೈ ತಿರುಗಿಸಿದೆ. ಬೆನ್ನಿನ ಉದ್ದಕ್ಕೂ ಓರೆಯಾಗಿ ಮೂರು ಗೆರೆ. ಕಂದು ಬಣ್ಣ, ನಡುವೆ ಗಟ್ಟಿ, ಅಂಚಿಗೆ ತೆಳು. ಬೆಲ್ಟಿನ ಅಗಲ.

ಈ ಕಲೆ ನನಗೆ ಹೊಸದಲ್ಲ. ಅದನ್ನು ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ. ಮೊದಲ ಸಲ ಸಿಕ್ಕಾಗ, “ರಕ್ತಕ್ಕೆ ಬಿಸಿನೀರು ಹಾಕಬೇಡಿ, ಕಚ್ಚಿಕೊಳ್ಳುತ್ತೆ, ತಣ್ಣೀರು, ಉಪ್ಪು” ಎಂದು ಹೇಳಿಕೊಟ್ಟವಳು ನಾನೇ. ಪಟ್ಟಿಯಲ್ಲಿ ರಕ್ತ ಎಂದು ಬರೆಯುವ ರೂಢಿ ನಮ್ಮಲ್ಲಿಲ್ಲ. ಯಾರ ಬಟ್ಟೆಯಲ್ಲಿ ರಕ್ತ ಕಂಡರೂ “ತುಕ್ಕು” ಎಂದು ಬರೆಯುತ್ತೇವೆ. ಗಿರಾಕಿಯ ಮಾನ ನಮ್ಮ ಕೈಯಲ್ಲಿರುತ್ತದೆ ಎಂದು ಅತ್ತೆ ಕಲಿಸಿದ ಪಾಠ. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು.

ಪಟ್ಟಿಯಮ್ಮನಿಂದ ಎರಡು ವರ್ಷದ ಪಟ್ಟಿ ಪುಸ್ತಕ ತರಿಸಿ ನೋಡಿದೆ. ಡಾಕ್ಟರ ಮನೆ, ಮಗುವಿನ ಅಂಗಿ, ತುಕ್ಕು. ಹನ್ನೊಂದು ಸಲ.

ಮಗುವಿನ ಮೈಗೆ ಎಲ್ಲಿಂದ ತುಕ್ಕು ಬರುತ್ತದೆ?

ಆ ಮನೆಗೆ ಯಾರೂ ಹೋಗಿಲ್ಲ ಎಂದು ಫೈಲಿನಾಕೆಗೆ ಛೀಮಾರಿ ಹಾಕಿದೆನಲ್ಲ. ನಾನು ವಾರವಾರವೂ ಹೋಗುತ್ತಿದ್ದೆ. ಅವರ ಹಾಸಿಗೆಯ ಒಳಗೆ, ಅವರ ಮಗುವಿನ ಬೆನ್ನಿನ ಮೇಲೆ. ನೋಡಿ, ಉಪ್ಪು ಹಾಕಿ ಉಜ್ಜಿ, ಇಸ್ತ್ರಿ ಹೊಡೆದು, ಮಡಿಸಿ, ಮತ್ತೆ ಹೊಡೆಯಲು ಅನುಕೂಲವಾಗುವ ಹಾಗೆ ಬೆಳ್ಳಗೆ ಮಾಡಿ ಕೊಟ್ಟೆ.

ಕೈಯನ್ನು ಎಷ್ಟು ತೊಳೆದರೂ ಉಪ್ಪಿನ ವಾಸನೆ. ಉಪ್ಪಿಗೆ ವಾಸನೆ ಇಲ್ಲ ಎಂದು ನನಗೆ ಗೊತ್ತು.

ಆ ಅಂಗಿಯನ್ನು ಒಗೆಯಲು ಹಾಕಲಿಲ್ಲ. ಕಾಗದದಲ್ಲಿ ಸುತ್ತಿ ನನ್ನ ಬೀರುವಿನಲ್ಲಿ ಇಟ್ಟಿದ್ದೇನೆ. ಯಾಕೆ ಎಂದು ಕೇಳಿದರೆ ಈಗ ಹೇಳಲಾರೆ.

ಮಾರ್ಚ್ ೩೦, ಭಾನುವಾರ

ಅಂಗಿ ತೆಗೆದುಕೊಂಡು ಕಚೇರಿಗೆ ಹೋಗೋಣ ಎಂದುಕೊಂಡೆ. ನಮ್ಮ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸಿದರೆ ಯಾರು ನಂಬುತ್ತಾರೆ.

ಹಾಗೆ ಯಾಕೆ ಬರೆದೆನೋ. ನಾನು ಹೊಡೆದವಳಲ್ಲ. ಕಲಿಸಿದವಳು.

ಏಪ್ರಿಲ್ ೧, ಮಂಗಳವಾರ

ಫೈಲಿನಾಕೆ ಬರುವ ಮೊದಲೇ ಕಚೇರಿಯ ಕಾಗದ ಬಂತು. ಮಗ ಓದಿದ. ಮಗುವಿಗೆ ಸುಟ್ಟ ಗಾಯ ಮಾಡಿದವರು, ವಿಚಾರಣೆ ಮುಗಿಯುವ ತನಕ, ಮಗುವಿನ ಜೊತೆ ಒಂದೇ ಮನೆಯಲ್ಲಿ ಇರುವಂತಿಲ್ಲ. ಆರು ತಿಂಗಳೂ ಆಗಬಹುದು. ಏಪ್ರಿಲ್ ಏಳರೊಳಗೆ ತಾಯಿ ಬೇರೆ ಕಡೆ ಹೋಗಬೇಕು. ಇಲ್ಲದಿದ್ದರೆ ಬಟಾಣಿಯನ್ನು ಗೊತ್ತಿಲ್ಲದ ಯಾರದೋ ಮನೆಯಲ್ಲಿ ಇರಿಸುತ್ತಾರೆ. ಕಾಗದದಲ್ಲಿ ಗಾಯ ಮಾಡಿದವರು ಎಂದರೆ ಸೊಸೆ. ಅವಳೇ ಹೇಳಿದ್ದಾಳಲ್ಲ.

ಸೊಸೆ ಆಗಲೇ ಒಂದು ಚೀಲಕ್ಕೆ ಕೂಸಿನ ಬಟ್ಟೆ ತುಂಬುತ್ತಿದ್ದಳು. ಕೂಸು ಹಾಲು ಕುಡಿಯುವುದು, ಅದನ್ನು ಬಿಟ್ಟು ಹೋಗಲಾಗುವುದಿಲ್ಲ. ಬಟಾಣಿಯನ್ನು ಕರೆದುಕೊಂಡು ಹೋಗುವಂತಿಲ್ಲ. ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಹಿಡಿದು ಕೇಳಿದೆ.

“ನನ್ನ ಹೆಸರು ಯಾಕೆ ಹೇಳಲಿಲ್ಲ?”

“ನೀವು ಮನೆಗೆ ದೊಡ್ಡವರು ಅತ್ತೆ.”

“ಅದು ಉತ್ತರ ಅಲ್ಲ.”

“ಹೆದರಿಕೆ.”

“ಯಾರ ಹೆದರಿಕೆ? ಆ ಕಚೇರಿಯವರದ್ದಾ?”

“ನಿಮ್ಮದು.”

ಎಂಟು ವರ್ಷದಲ್ಲಿ ಇವಳು ನನ್ನ ಕಣ್ಣು ನೋಡಿ ಮಾತಾಡಿದ್ದು ಇದೇ ಮೊದಲು. ಕೈಯಲ್ಲಿದ್ದ ಬಟ್ಟೆ ಕ್ಲಿಪ್ಪುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ ಹೇಳಿದಳು. “ನಾನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ ಅತ್ತೆ. ಅವತ್ತು ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ನೀವು ಅವಳ ಕೈ ಹಿಡಿದಿದ್ದು ನೋಡಿದೆ. ಅವಳು ಎಳ್ಕೊಂಡಿದ್ದೂ ನೋಡಿದೆ. ಓಡಿ ಬರಬಹುದಿತ್ತು. ಕಾಲು ಏಳಲಿಲ್ಲ. ಮಿಠಾಯಿ ಕೊಟ್ರಲ್ಲ, ಆಗ ಮೇಲೆ ಹೋಗಿ ಮಲಗಿಬಿಟ್ಟೆ. ನನ್ನ ಕೈಯೂ ಇದೆ ಅದರಲ್ಲಿ.”

ಮಗ ಬಾಗಿಲಲ್ಲಿ ನಿಂತಿದ್ದ. ಅದೇ ಸುಕ್ಕು ಅಂಗಿ.

“ಅಮ್ಮ, ನಂಗೂ ಏಳು ತುಂಬಿದ ದಿನ ನೆನಪಿದೆ.”

“ಇರಲೇಬೇಕು. ಅದಕ್ಕೇ ಕಲಿಸಿದ್ದು. ಆಮೇಲೆ ಒಂದು ದಿನ ಸುಟ್ಕೊಂಡಿದ್ದೀಯಾ?”

“ಇಲ್ಲ. ಆಮೇಲೆ ನಾನು ಇಸ್ತ್ರಿ ಮುಟ್ಟೇ ಇಲ್ಲ. ನೀನು ಸೋಮಾರಿ ಅಂದ್ಕೊಂಡೆ. ನಾನೂ ಹಾಗೇ ಅನ್ನಿಸ್ಕೊಂಡಿದ್ದೆ, ಅದೇ ಸುಲಭ ಆಗಿತ್ತು.”

ಇಬ್ಬರೂ ನನ್ನನ್ನು ನೋಡುತ್ತ ನಿಂತರು. ದೂರು ಹೇಳುವ ಮುಖವಲ್ಲ. ಕಾಯುವ ಮುಖವೂ ಅಲ್ಲ. ನನ್ನಿಂದ ಏನನ್ನೂ ನಿರೀಕ್ಷೆ ಮಾಡದವರ ಮುಖ. ಅದನ್ನು ಕಂಡು ನನಗಾದ ಅಸಹ್ಯ ಯಾರ ಮೇಲೆ ಎಂದು ತಿಳಿಯಲಿಲ್ಲ. ಅವರ ಮೇಲೆ ಎಂದು ಸ್ವಲ್ಪ ಹೊತ್ತು ಅಂದುಕೊಂಡಿದ್ದೆ.

ಫೈಲಿನಾಕೆ ಮೂರು ಗಂಟೆಗೆ ಬಂದಳು. ನಾನು ತಲೆನೋವೆಂದು ಕೋಣೆಯಿಂದ ಹೊರಗೆ ಬರಲಿಲ್ಲ.

ಏಪ್ರಿಲ್ ೨, ಬುಧವಾರ

ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಒಬ್ಬಳೇ ಕೆಳಗೆ ಹೋದೆ. ದೊಡ್ಡ ಪೆಟ್ಟಿಗೆಯನ್ನು ಕಾಯಿಸಿ, ನನ್ನ ಎಡಗೈ ಹೆಬ್ಬೆರಳ ಬುಡವನ್ನು ಹತ್ತಿರ ಹಿಡಿದೆ. ಹಳೆಯ ಗುರುತು ಇನ್ನೂ ಇದೆ, ಐವತ್ತೊಂದು ವರ್ಷದ್ದು. ತಾಗಿಸಿ ಒಂದು ಎಣಿಸೋಣ ಎಂದು.

ತಾಗಿಸಲು ಆಗಲಿಲ್ಲ. ಕೈ ತಾನಾಗಿ ಹಿಂದೆ ಬಂತು. ಮೂರು ಸಲ.

ಅವಳು ಎಳೆದುಕೊಂಡಾಗ ನಾನು ಬಿಗಿಯಾಗಿ ಹಿಡಿದಿದ್ದೆ.

ಏಪ್ರಿಲ್ ೩, ಗುರುವಾರ

ಎರಡು ರಸ್ತೆ ಆಚೆ ನಮ್ಮ ಗೋಡೌನು ಇದೆ. ಗಂಜಿ ಪುಡಿ, ಸಾಬೂನು ಮೂಟೆ, ಕೆಟ್ಟ ಮಷಿನುಗಳು. ಮೇಲೊಂದು ಕೋಣೆ, ಒಂದು ಒಲೆ, ಒಂದು ನಲ್ಲಿ. ಗುಡಿಸಿಸಿದೆ.

“ಯಾರಿಗಕ್ಕ ಈ ಕೋಣೆ?” ಎಂದಳು ಪಟ್ಟಿಯಮ್ಮ.

“ಹೊಸ ಬಾಡಿಗೆಯವಳು ಬರ್ತಾಳೆ. ಬಾಯಿ ಜೋರು, ಆದ್ರೆ ಶುಚಿ.”

ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತು. ಪೊರಕೆ ಕೆಳಗಿಟ್ಟು, “ಶುಚಿ ಸರಿ, ಆದ್ರೆ ಅಡುಗೆ ಬರಲ್ವಲ್ಲ ಅವಳಿಗೆ” ಎಂದು ಮೂಗು ಒರೆಸಿಕೊಂಡಳು. ಅತ್ತರೆ ಸಂಬಳ ಹಿಡಿಯುತ್ತೇನೆ ಎಂದೆ. ಆಮೇಲೆ ಆ ಒಗೆಯುವವನ ವಿಳಾಸ ಗೊತ್ತೇ ಎಂದು ಕೇಳಿದೆ. ಸತ್ತು ನಾಲ್ಕು ವರ್ಷವಾಯಿತಂತೆ. ಇವಳು ಹೋಗಿ ಬಂದಿದ್ದಳಂತೆ. ನನಗೆ ಹೇಳಿರಲಿಲ್ಲ.

ಏಪ್ರಿಲ್ ೪, ಶುಕ್ರವಾರ

ಇದನ್ನು ಗೋಡೌನಿನ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮಧ್ಯಾಹ್ನ ಮೂರೂವರೆ. ಕಿಟಕಿಯಿಂದ ಬಿಸಿಲು ಸಾಬೂನು ಮೂಟೆಗಳ ಮೇಲೆ ಬೀಳುತ್ತಿದೆ. ನನ್ನ ಹಾಸಿಗೆ, ಎರಡು ಪೆಟ್ಟಿಗೆ ಬಟ್ಟೆ, ಈ ಪುಸ್ತಕ ಬೆಳಗ್ಗೆಯೇ ವ್ಯಾನಿನಲ್ಲಿ ಬಂದವು. ಮಗ ಹೊತ್ತು ಇಳಿಸಿದ. ಹೋಗುವಾಗ, “ನಲ್ಲಿ ಸೋರುತ್ತೆ, ಸಂಜೆ ಬಂದು ಸರಿ ಮಾಡ್ತೀನಿ” ಎಂದ. ಕೂಸಿನ ಬಟ್ಟೆ ತುಂಬಿದ ಸೊಸೆಯ ಚೀಲವನ್ನು ನಾನೇ ಬಿಚ್ಚಿ ಬಟ್ಟೆಗಳನ್ನು ಬೀರುವಿಗೆ ವಾಪಸು ಜೋಡಿಸಿದ್ದೆ. ಅವಳು ನೋಡುತ್ತ ನಿಂತಿದ್ದಳು. ತಡೆಯಲಿಲ್ಲ. ತಡೆದಿದ್ದರೆ ಬೈಯುತ್ತಿದ್ದೆ.

ಹನ್ನೊಂದು ಗಂಟೆಗೆ ಕಚೇರಿಗೆ ಹೋದೆ. ಕಾಲು ಅಲುಗಾಡುವ ಬೆಂಚು, ಗೋಡೆಯ ಬಣ್ಣ ಸುಲಿದಿದೆ, ಇಡೀ ಕೋಣೆಗೆ ಒಂದೇ ದೀಪ. ಫೈಲಿನಾಕೆಯ ಮೇಜಿನ ಮೇಲೆ ಫೈಲುಗಳ ರಾಶಿಯ ಹಿಂದೆ ಅವಳ ತಲೆ ಮಾತ್ರ ಕಾಣುತ್ತಿತ್ತು. ಇಷ್ಟೊಂದು ಮನೆಗಳಿಗೆ ಇವಳೊಬ್ಬಳೇ.

ಮೊದಲು ಅಂಗಡಿಯಿಂದ ತಂದಿದ್ದ ಒದ್ದೆ ಸ್ಪಾಂಜಿನ ಡಬ್ಬಿಯನ್ನು ಅವಳ ಮುಂದಿಟ್ಟೆ. “ಹಾಳೆ ತಿರುವೋಕೆ. ಮಕ್ಕಳನ್ನ ಮುಟ್ಟೋ ಕೈಗೆ ಎಂಜಲು ಹಚ್ಚಬೇಡಿ.”

ಅವಳು ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಇವತ್ತು ನಕ್ಕಳು.

ಆಮೇಲೆ ಬಟಾಣಿಯ ವಿಷಯ ಹೇಳಿದೆ. ಸುತ್ತು ಬಳಸದೆ ಹೇಳಿದೆ. ನಾನು ಕೈ ಹಿಡಿದೆ, ನಾನು ತಾಗಿಸಿದೆ, ಅವಳು ಎಳೆದುಕೊಂಡಳು, ನಾನು ಬಿಡಲಿಲ್ಲ. ಸೊಸೆ ನನಗೆ ಹೆದರಿ ಸುಳ್ಳು ಹೇಳಿದಳು.

“ಇದನ್ನ ಬರೆದುಕೊಂಡ್ರೆ ಆ ಮನೆಯಲ್ಲಿ ನೀವು ಇರೋ ಹಾಗಿಲ್ಲ ಅಮ್ಮ. ಮನೆ ನಿಮ್ಮದೇ ಆದ್ರೂ.”

“ಗೊತ್ತು. ಸಾಮಾನು ಸಾಗಿಸಿಯೇ ಬಂದಿದ್ದೀನಿ.”

“ಭಾನುವಾರ ಒಂದು ಗಂಟೆ ನೋಡಬಹುದು. ಅದೂ ನಾನು ಜೊತೆಗಿದ್ದಾಗ, ಮಗು ಬರ್ತೀನಿ ಅಂದ್ರೆ ಮಾತ್ರ.”

“ಬರಲ್ಲ ಅಂದ್ರೆ?”

“ಬರಲ್ಲ.”

ಸರಿ ಎಂದೆ. ಅಷ್ಟಾದ ಮೇಲೆಯೇ ಕಾಗದದ ಗಂಟು ಬಿಚ್ಚಿದ್ದು. ಒಗೆಯದ ಅಂಗಿ. ಜೊತೆಗೆ ಎರಡು ವರ್ಷದ ಪಟ್ಟಿ ಪುಸ್ತಕ. ಹನ್ನೊಂದು ಕಡೆಯೂ ತುಕ್ಕು ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ರಕ್ತ ಎಂದು ಬರೆದು ನನ್ನ ಸಹಿ ಹಾಕಿದ್ದೆ. ಡಾಕ್ಟರ ಮನೆ, ಎಡಗೋಡೆ ಆಚೆ. ಅಂಗಿ ಬಿಚ್ಚಿ ನೋಡುವಾಗ ಅವಳ ಮುಖದಲ್ಲಿ ಬಂದದ್ದು ನನಗೆ ಪರಿಚಯದ್ದೇ. ಮೊದಲ ಸಲ ಕಂಡಾಗ ನನಗೂ ಹಾಗೆಯೇ ಆಗಿರಬೇಕು. ಆಮೇಲೆ ಉಪ್ಪು ಹುಡುಕಿಕೊಂಡು ಹೋದೆ. ಇವಳು ಉಪ್ಪು ಹುಡುಕಲಿಲ್ಲ. ಫೋನು ಎತ್ತಿಕೊಂಡಳು.

ನನ್ನ ಹೇಳಿಕೆಗೆ ಒಂದು ನಮೂನೆ ಇತ್ತು. ತುಂಬಿಕೊಡುತ್ತೇನೆ ಎಂದಳು, ಬೇಡ ಎಂದು ನಾನೇ ತುಂಬಿದೆ. ಹೆಸರು, ವಯಸ್ಸು, ವಿಳಾಸ. ವಿಳಾಸದ ಜಾಗದಲ್ಲಿ ಗೋಡೌನಿನದು ಬರೆದೆ. ಅದರ ಕೆಳಗೆ ಒಂದು ಸಾಲು ಹೀಗಿತ್ತು: ಗಾಯ ಮಾಡಿದವರು ಮಗುವಿಗೆ ಏನಾಗಬೇಕು?

ಅಜ್ಜಿ ಎಂದು ಬರೆದೆ. ಅಕ್ಷರ ಸ್ಪಷ್ಟವಾಗಿಯೇ ಬಂತು.